ಪ್ಲಾನ್ ಬಿ ಇಟ್ಟುಕೊಂಡರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾನಾ?

ನಿದ್ದೆಗೇಡಿ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ಬರೆಯದೆ ಇರಲಾಗಲಿಲ್ಲ.

11 ವರ್ಷ ದುಡಿದ ಕಂಪನಿಯಲ್ಲಿ ಹೋದ ತಿಂಗಳು ಕರೆದು "ನಿಮ್ಮ ವಿಭಾಗವನ್ನೇ ಮುಚ್ಚುತ್ತಿದ್ದೇವೆ" ಅಂದರು. ಹತ್ತು ನಿಮಿಷದ ಮಾತು. ಹೊರಗೆ ಬರುವಷ್ಟರಲ್ಲಿ ನನ್ನ ಕಾರ್ಡ್ ಕೆಲಸ ಮಾಡುವುದು ನಿಲ್ಲಿಸಿತ್ತು. ಸೆಕ್ಯೂರಿಟಿಯವರೇ ಬಾಗಿಲು ತೆಗೆದರು.

ಈಗ ಒಂದು ಕಡೆ ಕೊನೆಯ ಸುತ್ತಿನ ಇಂಟರ್‌ವ್ಯೂ ಮುಗಿದಿದೆ. ನನಗೆ ಬೇಕಾಗಿರುವ ಕೆಲಸ ಅದೇ. ಅದಕ್ಕಾಗಿ ದಿನವೂ ಪ್ರಾರ್ಥನೆ ಮಾಡುತ್ತಿದ್ದೇನೆ. ಆದರೆ ಅದು ಕೈತಪ್ಪಿದರೆ ಇರಲಿ ಅಂತ ಬೇರೆ ಊರಿನಲ್ಲಿ ಇನ್ನೊಂದಕ್ಕೂ ಅರ್ಜಿ ಹಾಕಿದ್ದೇನೆ. ಅಲ್ಲಿ ಸಂಬಳ ಕಮ್ಮಿ. ಮನೆ ಬದಲಿಸಬೇಕು, ಮಗಳ ಶಾಲೆ ಬದಲಿಸಬೇಕು.

ಇದನ್ನು ದೊಡ್ಡಪ್ಪನ ಹತ್ತಿರ ಹೇಳಿದೆ. ದಿನಕ್ಕೆ ಎರಡು ಹೊತ್ತು ಬೈಬಲ್ ಓದುವವರು. ನಾನು ತುಂಬ ಗೌರವಿಸುವವರು. "ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯಲ್ಲ ಮಗಳೇ. ದೇವರ ಮೇಲೆ ಭಾರ ಹಾಕಿದ ಮೇಲೆ ಕೈಯಲ್ಲಿ ಇನ್ನೊಂದು ಹಗ್ಗ ಯಾಕೆ?" ಅಂದರು. ಬೈದು ಹೇಳಲಿಲ್ಲ, ಮೆತ್ತಗೆ ಹೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು.

ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಪ್ರಾರ್ಥನೆ ಮಾಡಲು ಕೂತರೆ ನಾನೇ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ. ನಿಜವಾಗಿ ಕೇಳುತ್ತಿದ್ದೇನೆ, ಭಾರ ಹಾಕುವುದು ಅಂದರೆ ಕೈಕಟ್ಟಿ ಕೂರುವುದಾ?

ಕೊನೇಬೆಂಚು
ಎರಡನೇ ಅರ್ಜಿ ಇರಲಿ ಮೇಡಂ. ಮೂರನೆಯದ್ದೂ ಹಾಕಿ. ಅಷ್ಟಕ್ಕೆಲ್ಲ ಮುನಿಸಿಕೊಳ್ಳುವ ದೇವರು ಇದ್ದರೆಷ್ಟು, ಬಿಟ್ಟರೆಷ್ಟು?

ತೆರೆದಕಿಟಕಿ
ಯಾರಾದರೂ ಆ ಹೆಲಿಕಾಪ್ಟರ್ ಜೋಕ್ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನೆರೆ ಬಂದು ಒಬ್ಬ ಮಾಡಿನ ಮೇಲೆ ಕೂತಿದ್ದ. ದೋಣಿ ಬಂತು, "ದೇವರು ಕಾಪಾಡುತ್ತಾನೆ" ಅಂತ ಹತ್ತಲಿಲ್ಲ. ಇನ್ನೊಂದು ದೋಣಿ ಬಂತು, ಹೆಲಿಕಾಪ್ಟರ್ ಬಂತು, ಹತ್ತಲಿಲ್ಲ. ಸತ್ತು ಮೇಲೆ ಹೋಗಿ ಜಗಳ ತೆಗೆದರೆ ದೇವರು ಅಂದನಂತೆ, ಆ ಮೂರನ್ನೂ ಕಳಿಸಿದ್ದು ನಾನೇ ಕಣಯ್ಯಾ ಅಂತ.

ಹಳೇಗಡಿಯಾರ
ಈ ಜೋಕ್ ಕಂಡರೆ ನನಗಾಗುವುದಿಲ್ಲ. ಕಥೆ ಮುಗಿದ ಮೇಲೆ ಕೂತು ಹೇಳುವವನಿಗೆ ಎಲ್ಲ ಸಲೀಸು. ಮಾಡಿನ ಮೇಲೆ ಕೂತವನಿಗೆ ಯಾವುದು ದೇವರು ಕಳಿಸಿದ ದೋಣಿ, ಯಾವುದು ತೂತು ದೋಣಿ ಅಂತ ಹೇಗೆ ಗೊತ್ತಾಗಬೇಕು? ಮೇಡಂ ಕೇಳುತ್ತಿರುವುದೂ ಅದೇ ಅಲ್ವಾ.

ಇನ್ನೊಂದು ಮಾತು. ದೊಡ್ಡಪ್ಪನನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಅವರ ಮಾತಿಗೆ ಆಧಾರ ಇದೆ. ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಮನ್ನಾ, ಅಂದರೆ ದೇವರು ಕೊಟ್ಟ ಆಹಾರ, ಸಿಕ್ಕಿದ್ದು ಆಯಾ ದಿನಕ್ಕೆ ಬೇಕಾದಷ್ಟೇ. ನಾಳೆಗೆ ಇರಲಿ ಅಂತ ಎತ್ತಿಟ್ಟವರದ್ದು ಹುಳ ಬಿದ್ದು ನಾರಿತು. 40 ವರ್ಷ ಹೀಗೇ ನಡೆಯಿತು. ನಾಳೆಯ ಚಿಂತೆ ನಾಳೆಗೆ ಬಿಡಿ ಅನ್ನುವುದು ಯೇಸು ಬೆಟ್ಟದ ಮೇಲೆ ಹೇಳಿದ ಮಾತು. ಇವೆಲ್ಲ ಸುಮ್ನೆ ಬರೆದಿಟ್ಟಿದ್ದಲ್ಲ.

ಅಡಿಟಿಪ್ಪಣಿ
ಅದೇ ಅಧ್ಯಾಯವನ್ನು ಸ್ವಲ್ಪ ಮುಂದಕ್ಕೆ ಓದಿ ಸರ್. ವಿಮೋಚನಕಾಂಡ 16. ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಿ, ಏಳನೇ ದಿನ ಸಿಗುವುದಿಲ್ಲ ಅಂತ ಅಪ್ಪಣೆ. ಆವತ್ತು ಎತ್ತಿಟ್ಟಿದ್ದು ಹುಳ ಬೀಳಲಿಲ್ಲ. ಏಳನೇ ದಿನವೂ "ಸಿಕ್ಕೇ ಸಿಗುತ್ತೆ" ಅಂತ ಹೊರಗೆ ಹೋದವರು ಬರಿಗೈಲಿ ವಾಪಸ್ ಬಂದರು. ಎತ್ತಿಡುವುದೇ ತಪ್ಪು ಅಂತ ಆ ಕಥೆ ಹೇಳುವುದಿಲ್ಲ.

ಎಣ್ಣೆದೀಪ
"ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ" ಅಂತ ಬೈಬಲಿನಲ್ಲೇ ಇದೆಯಲ್ಲ. ಇಷ್ಟೆಲ್ಲ ಚರ್ಚೆ ಯಾಕೆ?

ಅಡಿಟಿಪ್ಪಣಿ
ಇಲ್ಲ. ಎಷ್ಟು ಹುಡುಕಿದರೂ ಬೈಬಲಿನಲ್ಲಿ ಸಿಗುವುದಿಲ್ಲ. ಈ ಯೋಚನೆ ಈಸೋಪನ ಕಥೆಗಳಷ್ಟು ಹಳೆಯದು. ಗಾಡಿ ಕೆಸರಲ್ಲಿ ಹೂತುಹೋದವನು ದೇವರನ್ನು ಕರೆದ ಕಥೆ ಇದೆಯಲ್ಲ, ಅದು. ಬೆಂಜಮಿನ್ ಫ್ರಾಂಕ್ಲಿನ್ ತನ್ನ 1736ರ ಪಂಚಾಂಗದಲ್ಲಿ ಅಚ್ಚು ಹಾಕಿದ ಮೇಲೆ ಮನೆಮಾತಾಯಿತು.

ಎಣ್ಣೆದೀಪ
ಅಯ್ಯೋ. ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಎರಡು ಸಲ ಭಾಷಣದಲ್ಲೂ ಹೇಳಿದ್ದೇನೆ.

ಬೆಳದಿಂಗಳು
ದೇವರ ಮೇಲೆ ಭಾರ ಹಾಕುವುದಕ್ಕೆ ನಮ್ಮಲ್ಲಿ ತವಕ್ಕುಲ್ ಅನ್ನುತ್ತಾರೆ. ತಿರ್ಮಿದಿಯ ಸಂಗ್ರಹದಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತಿನ ದಾಖಲೆ, ಇದೆ. ಒಬ್ಬ ಬಂದು ಪ್ರವಾದಿಯವರನ್ನು ಕೇಳುತ್ತಾನೆ. ಒಂಟೆ ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಬಿಟ್ಟು ಇಡಲೇ ಅಂತ. ಕಟ್ಟು, ಆಮೇಲೆ ಭರವಸೆ ಇಡು ಅಂದರು. ಎರಡೂ ಬೇಕು. ಕಟ್ಟಿದ ಹಗ್ಗವೂ ಕಿತ್ತುಹೋಗಬಹುದಲ್ಲ, ಅದಕ್ಕೇ ಭರವಸೆ.

ನಮ್ಮ ತಂದೆಯ ಆಪರೇಷನ್‌ಗೆ ಮೊದಲು ಇನ್ನೊಬ್ಬ ಡಾಕ್ಟರನ್ನೂ ಕೇಳೋಣ ಅಂದಾಗ ಮನೆಯಲ್ಲಿ ಇದೇ ಗಲಾಟೆ ಆಗಿತ್ತು. ತಂದೆಯೇ "ಒಂಟೆ ಕಟ್ಟುತ್ತಿದ್ದಾಳೆ, ಬಿಡಿ" ಅಂದರು. ಗಲಾಟೆ ನಿಂತಿತು.

ಮೂಲೆಮನೆ
ಈ ಜಗಳ ಹಳೆಯದು. ಶ್ರೀವೈಷ್ಣವರು ಇದರ ಮೇಲೇ ಎರಡು ಪಂಗಡವಾದರು. ಅದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. ವಡಕಲೈಯವರದ್ದು ಕೋತಿ ಮರಿಯ ಲೆಕ್ಕ. ತಾಯಿ ಹಾರುವಾಗ ಮರಿ ತಾನೇ ಹೊಟ್ಟೆ ಬಿಗಿಯಾಗಿ ಹಿಡಿದಿರಬೇಕು. ತೆಂಕಲೈಯವರದ್ದು ಬೆಕ್ಕಿನ ಮರಿಯ ಲೆಕ್ಕ. ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅಂತ ಹೆಸರು. ನಿಮ್ಮ ದೊಡ್ಡಪ್ಪ ಬೆಕ್ಕಿನ ಪಕ್ಷ. ನೀವು ಕೋತಿ ಪಕ್ಷ (ತಪ್ಪು ತಿಳಿಯಬೇಡಿ!). ಎರಡೂ ಕಡೆ ದೊಡ್ಡ ದೊಡ್ಡ ಆಚಾರ್ಯರಿದ್ದಾರೆ. ಆದ್ದರಿಂದ ನಿಮಗೆ ನಂಬಿಕೆ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಮಿಯಾಂವ್
ಬೆಕ್ಕಿನ ಮರಿ ಸುಮ್ಮನಿರುತ್ತೆ ಅಂದವರು ಬೆಕ್ಕು ಸಾಕಿಲ್ಲ. ನಮ್ಮನೆಯದು ಮರಿಗಳನ್ನು ಬೀರುವಿನಿಂದ ಮಂಚದ ಕೆಳಗೆ, ಅಲ್ಲಿಂದ ಚಪ್ಪಲಿ ಗೂಡಿಗೆ ಸಾಗಿಸಿತು. ಮನೆ ಹಾರಿಹೋಗುವ ಹಾಗೆ ಅರಚಿದವು.

ಮೂಲೆಮನೆ
ಕಚ್ಚಿ ಎತ್ತಿದಾಗ ಮರಿ ಕಾಲು ಮಡಚಿಕೊಂಡು ಜೋತುಬೀಳುತ್ತದೆ. ಅದನ್ನು ನಾನೇ ನೋಡಿದ್ದೇನೆ.

ಮಿಯಾಂವ್
ಎತ್ತಿದಾಗ ಹೌದು. ಅರಚುವುದು ಹೊಸ ಜಾಗದಲ್ಲಿ ಇಳಿಸಿದ ಮೇಲೆ.

ನಿದ್ದೆಗೇಡಿ
ಇದನ್ನು ಓದಿ ತಿಂಗಳಲ್ಲಿ ಮೊದಲ ಸಲ ನಕ್ಕೆ. ಆಮೇಲೆ ಸ್ವಲ್ಪ ಅತ್ತೆ ಕೂಡ. ಮನೆ ಬದಲಿಸುವುದೇ ನನ್ನ ಕಣ್ಣ ಮುಂದೆ ಬಂತು.

ಉಪ್ಪುನೀರು
ಅಕ್ಕಾ, ನಿಮ್ಮ ದೊಡ್ಡಪ್ಪ ದೋಣಿ ಅಂದಿದ್ದಾರಲ್ಲ, ದೋಣಿಯ ಕಥೆಯೇ ಹೇಳುತ್ತೇನೆ. ಬೈಬಲಿನ ಅಪೊಸ್ತಲರ ಕೃತ್ಯಗಳು, 27ನೇ ಅಧ್ಯಾಯ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಕೈದಿಯಾಗಿ ರೋಮ್‌ಗೆ ಹೋಗುತ್ತಿದ್ದಾನೆ. ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೇ ರಾತ್ರಿ. ಹಡಗಿನಲ್ಲಿ 276 ಜನ. ಒಬ್ಬರ ಪ್ರಾಣಕ್ಕೂ ಅಪಾಯವಿಲ್ಲ ಅಂತ ದೇವದೂತ ಪೌಲನಿಗೆ ಮೊದಲೇ ಹೇಳಿಯಾಗಿದೆ. ಫಲಿತಾಂಶ ಗೊತ್ತು. ಹಾಗಿದ್ದ ಮೇಲೆ ಪೌಲ ಹೊದ್ದು ಮಲಗಬಹುದಿತ್ತು.

ಆಗ ನಾವಿಕರು ಲಂಗರು ಹಾಕುವ ನೆಪ ಮಾಡಿ ಚಿಕ್ಕ ದೋಣಿ ಇಳಿಸಿ ಕದ್ದು ಓಡಲು ನೋಡುತ್ತಾರೆ. ಪೌಲ ಸೈನಿಕರಿಗೆ ಹೇಳುತ್ತಾನೆ, ಇವರು ಹಡಗಿನಲ್ಲಿ ಇಲ್ಲದಿದ್ದರೆ ನೀವು ಉಳಿಯುವುದಿಲ್ಲ ಅಂತ. ದೇವರು ಮಾತು ಕೊಟ್ಟಾಗಿದೆ. ಆದರೂ ಹಡಗು ನಡೆಸಲು ಬಲ್ಲವರು ಬೇಕು. ಪೌಲನಿಗೆ ಇದರಲ್ಲಿ ಯಾವ ಇಕ್ಕಟ್ಟೂ ಕಾಣಲಿಲ್ಲ.

ಹಳೇಗಡಿಯಾರ
ಮುಂದಿನ ವಾಕ್ಯ ಯಾಕೆ ಬಿಟ್ಟಿರಿ? ಸೈನಿಕರು ಆ ಚಿಕ್ಕ ದೋಣಿಯ ಹಗ್ಗ ಕಡಿದು ಸಮುದ್ರಕ್ಕೆ ಬಿಟ್ಟರು. ಪ್ಲಾನ್ ಬಿ ನೀರುಪಾಲು. ಈ ಕಥೆ ದೊಡ್ಡಪ್ಪನ ಕಡೆಗೇ ಇದೆ.

ಕೊನೇಬೆಂಚು
😂😂 ಉಪ್ಪುನೀರು ಔಟ್.

ಉಪ್ಪುನೀರು
ಒಪ್ಪಿದೆ, ಅದನ್ನು ಹೇಳಬೇಕಿತ್ತು. ರಾತ್ರಿ ಪೂರ್ತಿ ಇದರ ಬಗ್ಗೆಯೇ ಯೋಚಿಸಿದೆ.

ಒಂದು, ದೋಣಿ ಕಡಿದದ್ದು ದೋಣಿ ಇಟ್ಟುಕೊಂಡಿದ್ದೇ ತಪ್ಪು ಅಂತಲ್ಲ. ಬಲ್ಲ ನಾಲ್ಕು ಜನ ಉಳಿದವರನ್ನು ಬಿಟ್ಟು ಅದರಲ್ಲಿ ಓಡಲು ಹೊರಟಿದ್ದರು. ಅದಕ್ಕೂ ಮೊದಲೇ, ಗಾಳಿ ಜೋರಾದಾಗ, ಅದೇ ದೋಣಿಯನ್ನು ಕಷ್ಟಪಟ್ಟು ಮೇಲೆ ಎಳೆದುಕೊಂಡಿದ್ದರು. ಯಾರೂ ಬೇಡ ಅನ್ನಲಿಲ್ಲ.

ಎರಡು, ಇದು ನನಗೆ ಈ ಸಲವೇ ಕಣ್ಣಿಗೆ ಬಿದ್ದದ್ದು. ಆ ಕಥೆಯಲ್ಲಿ ಪ್ಲಾನ್ ಎ ಕೂಡ ಉಳಿಯಲಿಲ್ಲ. ಹಡಗು ಮರಳಿಗೆ ಸಿಕ್ಕಿ ಹಿಂಭಾಗ ಒಡೆದುಹೋಯಿತು. ಈಜು ಬಂದವರು ಈಜಿದರು. ಉಳಿದವರು ಹಲಗೆ, ಹಡಗಿನ ಚೂರು, ಸಿಕ್ಕಿದ್ದನ್ನು ಹಿಡಿದು ದಡ ಸೇರಿದರು. 276 ಜನರೂ. ದೇವದೂತ ಮಾತು ಕೊಟ್ಟಿದ್ದು ಪ್ರಾಣದ ಬಗ್ಗೆ. ಹಡಗು ಹೋಗುತ್ತದೆ ಅಂತ ಆಗಲೇ ಹೇಳಿದ್ದ.

ಅಕ್ಕಾ, ಆ ಮೊದಲನೇ ಕೆಲಸ ನಿಮಗೇ ಸಿಗುತ್ತದೆ ಅಂತ ದೇವರು ಯಾವತ್ತಾದರೂ ಹೇಳಿದ್ದಾನಾ? ಕಟುವಾಗಿ ಕೇಳುತ್ತಿಲ್ಲ. ನಾನೂ ಹೀಗೇ ಮಾಡಿದ್ದೆ. ನನಗೆ ಬೇಕಾದ ಹಡಗನ್ನೇ ದೇವರ ಮಾತು ಅಂದುಕೊಂಡಿದ್ದೆ. ಅದು ಮುಳುಗಿದಾಗ ದೇವರು ಮಾತು ತಪ್ಪಿದ ಅಂತ ಎರಡು ವರ್ಷ ಪ್ರಾರ್ಥನೆಯನ್ನೇ ಬಿಟ್ಟಿದ್ದೆ.

ಹಳೇಗಡಿಯಾರ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚೆನ್ನಾಗಿ ಓದಿದ್ದೀರಿ.

ನಿದ್ದೆಗೇಡಿ
ಇಲ್ಲ, ಹೇಳಿಲ್ಲ. ನಾನೇ ಅಂದುಕೊಂಡಿದ್ದು.

ಹಸಿರುಪೆನ್
ಎಲ್ಲರೂ ಯೆರೆಮೀಯ 29:11 ಕಳಿಸುತ್ತಾರೆ ಅಲ್ವಾ ಇಂಥ ಹೊತ್ತಲ್ಲಿ. ನಿಮ್ಮ ಬಗ್ಗೆ ನನಗಿರುವ ಯೋಚನೆ ಹಿತದ್ದು, ಮುಂದೆ ಒಳ್ಳೆಯದಾಗುತ್ತದೆ ಅನ್ನುವ ಅರ್ಥದ ಮಾತು. ಹೂವಿನ ಚಿತ್ರದ ಮೇಲೆ ಬರೆದು ವಾಟ್ಸಾಪ್‌ನಲ್ಲಿ ಬರುತ್ತೆ. ಅದರ ಹಿಂದಿನ ವಾಕ್ಯ ಯಾರೂ ಕಳಿಸುವುದಿಲ್ಲ. ಅದರಲ್ಲಿ 70 ವರ್ಷ ಅಂತ ಇದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಓದಿದವರಲ್ಲಿ ಹೆಚ್ಚಿನವರು ವಾಪಸ್ ಹೋಗುವ ಮೊದಲೇ ತೀರಿಕೊಂಡಿರುತ್ತಾರೆ. ಅವರಿಗೆ ಪತ್ರ ಹೇಳಿದ್ದೇನು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಈಗಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ಬೇಡದ ಊರಲ್ಲಿ!

ಇದೇ ಪ್ರವಾದಿ ಯೆರೆಮೀಯ ಆಮೇಲೆ ಇನ್ನೊಂದು ಕೆಲಸ ಮಾಡುತ್ತಾನೆ. ಯೆರೂಸಲೇಮಿಗೆ ಶತ್ರುಗಳ ಮುತ್ತಿಗೆ ಬಿದ್ದಿದೆ. ಊರು ಬೀಳುತ್ತದೆ ಅಂತ ಸಾರಿದವನು ಅವನೇ. ಆ ಹೊತ್ತಲ್ಲಿ ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡುಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ, ಬಹಳ ಕಾಲ ಉಳಿಯಲಿ ಅಂತ. ನನಗೆ ಇಡೀ ಬೈಬಲಿನಲ್ಲಿ ನಂಬಿಕೆಯ ಚಿತ್ರ ಅಂದರೆ ಅದೇ. ಅಲ್ಲಿ ಭಾವಾವೇಶ ಏನಿಲ್ಲ. ರಿಜಿಸ್ಟ್ರೇಷನ್ ಕೆಲಸ.

ಕೊನೇಬೆಂಚು
ಒಂದು ಪ್ರಶ್ನೆ, ಜಗಳಕ್ಕಲ್ಲ. ನಾನು ದೇವರನ್ನು ನಂಬುವವನಲ್ಲ. ನಾನೂ ಮೇಡಂಗೆ ಇದೇ ಹೇಳಿದೆ, ಎರಡೂ ಕಡೆ ಅರ್ಜಿ ಹಾಕಿ ಅಂತ. ನೀವೆಲ್ಲ ಹಡಗು, ಒಂಟೆ, ಬೆಕ್ಕು ಸುತ್ತಿ ಬಂದು ಹೇಳಿದ್ದೂ ಅದೇ. ಹಾಗಾದರೆ ದೇವರಿಂದ ಆದ ವ್ಯತ್ಯಾಸ ಏನು?

ಎಣ್ಣೆದೀಪ
ಸಂಕಟ ಬಂದಾಗ ವೆಂಕಟರಮಣ ಅಂತಾರಲ್ಲ, ನಿಮಗೆ ಇನ್ನೂ ಸಂಕಟ ಬಂದಿಲ್ಲ ತಮ್ಮಾ.

ಕೊನೇಬೆಂಚು
ಬಂದಿದೆ ಅಂಕಲ್. ಅದೆಲ್ಲ ಇಲ್ಲಿ ಬರೆಯುವುದಿಲ್ಲ.

ಎಣ್ಣೆದೀಪ
ತಪ್ಪಾಯಿತು. ಮಾತು ವಾಪಸ್.

ಬೆಳದಿಂಗಳು
ಕೊನೇಬೆಂಚು ಅವರೇ, ಒಳ್ಳೆಯ ಪ್ರಶ್ನೆ. ಮಾಡುವ ಕೆಲಸದಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಕಟ್ಟಿದ ಮೇಲೆ ಎಷ್ಟು ಸಲ ಎದ್ದು ಹೋಗಿ ಗಂಟು ನೋಡುತ್ತೇನೆ ಅನ್ನುವುದರಲ್ಲಿ ನನಗೆ ವ್ಯತ್ಯಾಸ ಇದೆ. ಮೊದಲು ಹತ್ತು ಸಲ ನೋಡುತ್ತಿದ್ದೆ. ಈಗ ನಾಲ್ಕು ಸಲ.

ಒಣಗಿದಎಲೆ
ನಾನು ಸಾಮಾನ್ಯವಾಗಿ ಇಂಥ ಥ್ರೆಡ್‌ನಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿ ಹುಷಾರಾಗಲಿ ಅಂತ ಹದಿನಾಲ್ಕು ತಿಂಗಳು ಪ್ರಾರ್ಥನೆ ಮಾಡಿದೆ. ಆಗಲಿಲ್ಲ. ಇದು ಹೊಸ ಕೆಲಸದ ಥರದ ವಿಷಯ ಅಲ್ಲ, ಇಲ್ಲಿ ಪ್ಲಾನ್ ಬಿ ಅಂತ ಇರಲಿಲ್ಲ.

ಆ ದಿನಗಳಲ್ಲಿ ಬಂದವರೆಲ್ಲ ಹೇಳಿದ್ದು ಒಂದೇ, "ತಡೆಯಲಾರದಷ್ಟು ಕಷ್ಟ ದೇವರು ಕೊಡುವುದಿಲ್ಲ". ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಅವರು ನೆನೆಸಿಕೊಳ್ಳುವ ವಾಕ್ಯ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದಲ್ಲಿದೆ. ಅದು ಪಾಪದ ಸೆಳೆತದ ಬಗ್ಗೆ, ಕಷ್ಟದ ಬಗ್ಗೆ ಅಲ್ಲ. ಅದನ್ನು ಬರೆದ ಪೌಲನೇ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ, ನಮ್ಮ ಶಕ್ತಿ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅನ್ನುತ್ತಾನೆ. ಅದನ್ನು ಯಾರೂ ನನಗೆ ಓದಿ ಹೇಳಲಿಲ್ಲ. ನಾನೇ ಹುಡುಕಿಕೊಂಡೆ.

ಕೊನೇಬೆಂಚು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನನಗೆ ಗೊತ್ತಿತ್ತು. ಬೈಬಲಿನ 88ನೇ ಕೀರ್ತನೆ ಓದಿ. ಕೊನೆಗೂ ಬೆಳಕು ಬರುವುದಿಲ್ಲ, ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತ ಸೇರಿಸಿಟ್ಟಿದ್ದಾರೆ. ಒಂದು ವರ್ಷ ನನಗೆ ಹೇಳಲು ಬರುತ್ತಿದ್ದದ್ದು ಅದೊಂದೇ.

ಉಪ್ಪುನೀರು
🙏 ಅಣ್ಣಾ.

ಕೊನೇಬೆಂಚು
ಇದು ನನಗೆ ಅರ್ಥವಾಯಿತು ಸರ್. ಒಪ್ಪಿದೆ ಅಂತಲ್ಲ. ಅರ್ಥವಾಯಿತು.

ಹಸಿರುಪೆನ್
ಮದರ್ ತೆರೇಸಾ ಪತ್ರಗಳು 2007ರಲ್ಲಿ ಹೊರಬಂದಾಗಲೂ ಎಷ್ಟೋ ಜನಕ್ಕೆ ಆಘಾತವಾಯಿತು. ದಶಕಗಳ ಕಾಲ ಒಳಗೆ ಬರೀ ಖಾಲಿ, ಕತ್ತಲೆ ಅಂತ ಬರೆದುಕೊಂಡಿದ್ದರು. ಬೆಳಗ್ಗೆ ಎದ್ದು ಕೆಲಸಕ್ಕೆ ಮಾತ್ರ ಹೋಗುತ್ತಿದ್ದರು.

ತೆರೆದಕಿಟಕಿ
ಸ್ವಲ್ಪ ಹಗುರ ಮಾಡೋಣವಾ? ನಾನಂತೂ ದೇವರ ಹತ್ತಿರ ಗುರುತು ಕೇಳುವವನು. ಬೈಬಲಿನ ಗಿದ್ಯೋನನ ಥರ. ಇವತ್ತು ಉಣ್ಣೆ ಮಾತ್ರ ಒದ್ದೆಯಾಗಲಿ, ನೆಲ ಒಣಗಿರಲಿ ಅಂದ. ಆಯಿತು. ಸಮಾಧಾನವಾಗದೆ, ನಾಳೆ ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಲಿ ಅಂದ. ಅದೂ ಆಯಿತು. ನಾನು ಹೋದ ಸಲ, ಸಿಗ್ನಲ್ ಹಸಿರಿದ್ದರೆ ಕೆಲಸ ಬಿಡುತ್ತೇನೆ ಅಂದುಕೊಂಡೆ. ಹಳದಿ ಇತ್ತು.

ಮಿಯಾಂವ್
ಆಮೇಲೆ?

ತೆರೆದಕಿಟಕಿ
ಹಿಂದಿನವನು ಹಾರ್ನ್ ಹೊಡೆದ.

ಮೂಲೆಮನೆ
ಗುರುತು ಕೇಳುವವರಿಗೆ ಗೀತೆಯಿಂದ ಒಂದು. 18ನೇ ಅಧ್ಯಾಯದ 63ನೇ ಶ್ಲೋಕ. ಅಷ್ಟೆಲ್ಲ ಹೇಳಿ, ವಿಶ್ವರೂಪ ತೋರಿಸಿ, ಕೊನೆಗೆ ಕೃಷ್ಣ ಹೇಳುವುದು, ಇದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ಇಷ್ಟ ಬಂದ ಹಾಗೆ ಮಾಡು ಅಂತ. ಎಲ್ಲ ಬಿಟ್ಟು ನನಗೆ ಶರಣಾಗು ಅನ್ನುವುದು ಅದಾಗಿ ಮೂರು ಶ್ಲೋಕದ ನಂತರ. ನನಗೆ ಈ ಎರಡೂ ಅಕ್ಕಪಕ್ಕ ಇರುವುದೇ ದೊಡ್ಡ ಸಮಾಧಾನ.

ಹಳೇಗಡಿಯಾರ
ಕೊನೆಯದಾಗಿ ಒಂದು, ಆಮೇಲೆ ಮಲಗುತ್ತೇನೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ಬರುತ್ತಾರೆ ಅಂತ ಸುದ್ದಿ ಬಂತು. ಪ್ರಾರ್ಥನೆ ಮಾಡಿದೆವು, ಹಗಲು ರಾತ್ರಿ ಕಾವಲೂ ಇಟ್ಟೆವು ಅಂತ ಒಂದೇ ವಾಕ್ಯದಲ್ಲಿ ಬರೆದಿದ್ದಾನೆ. ನಡುವೆ "ಆದರೂ" ಅಂತ ಹಾಕಿಲ್ಲ. ಗೋಡೆ 52 ದಿನದಲ್ಲಿ ಮುಗಿಯಿತು. ನಾನು ಇಲ್ಲಿಗೆ ಬಂದಾಗ ದೊಡ್ಡಪ್ಪನ ಪಕ್ಷದಲ್ಲಿದ್ದೆ. ಈಗ ಎಲ್ಲಿದ್ದೇನೋ ನನಗೇ ಗೊತ್ತಿಲ್ಲ. ಆದರೂ ಅವರಿಗೆ ಅನ್ಯಾಯ ಮಾಡಬೇಡಿ. ನೀವು ಹೆದರಿಕೊಂಡಿದ್ದೀರಿ ಅಂತ ಅವರಿಗೆ ಕಂಡಿದೆ. ಅದನ್ನು ಹೇಳಲು ಅವರಿಗೆ ಬಂದ ಮಾತು ಅದು.

ನಿದ್ದೆಗೇಡಿ
ಒಂಬತ್ತು ದಿನ ಆಯಿತು. ಹೇಗಾಯಿತು ಅಂತ ಕೆಲವರು ಮೆಸೇಜ್ ಮಾಡಿದ್ದಿರಿ. ಮೊದಲನೇ ಕೆಲಸ ಆಗಲಿಲ್ಲ. ಎರಡು ಸಾಲಿನ ಇಮೇಲ್ ಬಂತು. ಎರಡನೆಯದರಿಂದ ಇನ್ನೂ ಏನೂ ಇಲ್ಲ, ಗುರುವಾರ ಮಾತಾಡುತ್ತಾರಂತೆ. ನಿದ್ದೆ ಇನ್ನೂ ಸರಿಯಾಗಿಲ್ಲ. ಆದರೆ ಮೂರು ಗಂಟೆಗೆ ಎದ್ದಾಗ ಮೋಸಗಾರಳು ಅನ್ನಿಸುವುದು ನಿಂತಿದೆ. ಒಮ್ಮೆ 88ನೇ ಕೀರ್ತನೆ ಓದಿದೆ. ಒಣಗಿದಎಲೆ ಅಣ್ಣನಿಗೆ ಥ್ಯಾಂಕ್ಸ್.

ದೊಡ್ಡಪ್ಪನಿಗೆ ಹಡಗಿನ ಕಥೆ ಹೇಳಿದೆ. "ದೋಣಿ ಕಡಿದು ಹಾಕಿದರಲ್ಲ" ಅಂತ ತಕ್ಷಣ ಅಂದರು, ಹಳೇಗಡಿಯಾರ ಅವರ ಹಾಗೇ! ಹಡಗು ಒಡೆದದ್ದು, ಹಲಗೆ ಹಿಡಿದು ಬಂದದ್ದು ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಫೋನ್ ಕಟ್ ಆಯಿತು ಅಂದುಕೊಂಡೆ. ಆಮೇಲೆ "ಗುರುವಾರ ಎಷ್ಟು ಗಂಟೆಗೆ?" ಅಂತ ಕೇಳಿದರು. ಹನ್ನೊಂದು ಅಂದೆ. ಬರೆದುಕೊಳ್ಳುತ್ತೇನೆ ತಾಳು, ಪೆನ್ ಎಲ್ಲಿ ಅಂತ ದೊಡ್ಡಮ್ಮನನ್ನು ಕೂಗಿದರು.

ಮಗಳದ್ದು ಒಂದೇ ಷರತ್ತು. ಊರು ಬದಲಿಸಿದರೆ ಬೆಕ್ಕು ಸಾಕಬೇಕಂತೆ.

ಮಿಯಾಂವ್
ನಮ್ಮಲ್ಲಿ ಇನ್ನೂ ಎರಡು ಮರಿ ಇವೆ. ಅರಚುತ್ತವೆ, ಮೊದಲೇ ಹೇಳಿದ್ದೇನೆ.

ಬೆಳದಿಂಗಳು
ಬಾಡಿಗೆ ಮನೆಯವರು ಒಪ್ಪುತ್ತಾರಾ ಅಂತ ಮೊದಲು ಕೇಳಿಕೊಳ್ಳಿ. ಒಂಟೆ!